ಅಪ್ಪನ ಫೋನಿನಲ್ಲಿ ಮಗಳ ಶಾಲೆ

(ಬೆಳಗಾವಿಯ ಶಹಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಬೆಳಗಾವಿ ಸೀಮೆಯಲ್ಲಿ ಶಿಕ್ಷಣದ ಕಥೆ ಹೇಳಬೇಕಾದರೆ ದಾನಿಗಳ ಕಥೆಯಿಂದಲೇ ಶುರು ಮಾಡಬೇಕು. ಸಿರಸಂಗಿ ಲಿಂಗರಾಜರು ತೀರಿಕೊಂಡದ್ದು 1906ರಲ್ಲಿ. ತಮ್ಮ ಸಂಸ್ಥಾನದ ಆಸ್ತಿ ಮಕ್ಕಳ ಓದಿಗೆ ಸಲ್ಲಬೇಕೆಂದು ಅವರು ಉಯಿಲು ಬರೆದಿಟ್ಟಿದ್ದರು. ಹತ್ತು ವರ್ಷದ ಮೇಲೆ, 1916ರಲ್ಲಿ, ಏಳು ಜನ ಸೇರಿ ಕೆಎಲ್‌ಇ ಸಂಸ್ಥೆ ಕಟ್ಟಿದರು. 1933ರಲ್ಲಿ ಅವರು ತೆರೆದ ಕಾಲೇಜಿಗೆ ಲಿಂಗರಾಜರ ಹೆಸರೇ ಬಂತು. ಆ ಕಾಲದಲ್ಲಿ ಬಡವರ ಮನೆಯ ಹುಡುಗ ಓದಬೇಕಾದರೆ ಬೇಕಾದದ್ದು ಫೀ, ಪುಸ್ತಕ, ಎರಡು ಹೊತ್ತಿನ ಊಟ, ರಾತ್ರಿ ಓದಲು ಒಂದು ದೀಪ. ದಾನಿಗಳು ಇವನ್ನೇ ನೋಡಿ ಕೊಟ್ಟರು. ವಸತಿ ನಿಲಯ ಕಟ್ಟಿದರು, ವಿದ್ಯಾರ್ಥಿವೇತನ ಇಟ್ಟರು. ಇವತ್ತು ಅದೇ ಮನೆಯ ಹುಡುಗಿ ಓದಬೇಕಾದರೆ ಇನ್ನೇನು ಬೇಕಾಗಿದೆ, ಅದನ್ನು ಯಾರು ಕೊಡಬೇಕು ಎಂಬುದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ. ನಾನು ಸರ್ಕಾರಿ ಪ್ರೌಢಶಾಲೆಗಳಲ್ಲಿ ಪಾಠ ಮಾಡಿದವನು. ಕೆಲವು ವರ್ಷ ಖಾನಾಪುರ ತಾಲ್ಲೂಕಿನಲ್ಲಿ, ಉಳಿದದ್ದು ಈ ನಗರದಲ್ಲಿ. ಆ ಅನುಭವದ ಮೇಲೆ ನಿಂತು ಮಾತಾಡುತ್ತೇನೆ.

ನಾನು ಹೇಳಬೇಕಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಶಾಲೆ ಊರಿನ ಆಸ್ತಿ, ಫೋನು ಮನೆಯ ಆಸ್ತಿ. 2020ರಲ್ಲಿ ಕೊರೋನಾ ಬಂದಾಗ ಊರಿನ ಶಾಲೆ ಮುಚ್ಚಿ ಮಕ್ಕಳ ಕಲಿಕೆಯನ್ನು ಮನೆಯ ಫೋನಿಗೆ ಒಪ್ಪಿಸಿದೆವು. ಶಾಲೆಯ ಬಾಗಿಲು ಮತ್ತೆ ತೆರೆದರೂ ಕಲಿಕೆಯ ಒಂದು ದೊಡ್ಡ ಪಾಲು ಇನ್ನೂ ಆ ಫೋನಿನಲ್ಲೇ ಉಳಿದಿದೆ. ಅದನ್ನು ಮತ್ತೆ ಊರಿನ ಆಸ್ತಿಯಾಗಿ ಮಾಡದೆ ಬಡ ಮಕ್ಕಳಿಗೆ ನ್ಯಾಯ ಸಿಗುವುದಿಲ್ಲ.

ನಾವು ಕೂತಿರುವ ಶಹಾಪುರದಿಂದಲೇ ಆರಂಭಿಸೋಣ. 1948ರವರೆಗೆ ಇದು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ. ಶಹಾಪುರದ ಸೀರೆ ಎಂದರೆ ಮಹಾರಾಷ್ಟ್ರದ ತನಕ ಹೆಸರು. ಕೈಮಗ್ಗದ ಕಾಲ ಹೋಯಿತು, ಪವರ್‌ಲೂಮ್ ಬಂತು. ಇಲ್ಲಿಂದ ವಡಗಾವಿ, ಖಾಸಬಾಗದ ತನಕ ಗಲ್ಲಿ ಗಲ್ಲಿಗಳಲ್ಲಿ ಮಗ್ಗದ ಸದ್ದು ಈಗಲೂ ಇದೆ, ಮೊದಲಿನಷ್ಟಿಲ್ಲ. ಖಡೇ ಬಜಾರಿನ ಅಂಗಡಿಯಲ್ಲಿ ಸೀರೆ ಕೊಳ್ಳುವವರಿಗೆ ಅದನ್ನು ನೇಯ್ದ ಮನೆಯ ಒಳಗು ಕಾಣುವುದಿಲ್ಲ.

ಶಾಲೆ ಮುಚ್ಚಿದ್ದ ಸಮಯದಲ್ಲಿ ನಾನು ಹೋಗಿಬರುತ್ತಿದ್ದ ವಡಗಾವಿಯ ಒಂದು ಮನೆಯನ್ನು ನಿಮಗೆ ತೋರಿಸುತ್ತೇನೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದೆ ಅಡುಗೆಮನೆ, ನಡುವೆ ಒಬ್ಬರು ಅಡ್ಡಾಡುವಷ್ಟು ದಾರಿ. ಅಪ್ಪ ಮಗ್ಗದ ಮೇಲೆ, ಅವ್ವ ಕಂಡಿಕೆ ಸುತ್ತುತ್ತಾರೆ. ಹಿರಿಮಗ ಉದ್ಯಮಬಾಗದ ಕಾರ್ಖಾನೆಯಲ್ಲಿ ಕೂಲಿ. ಮಗಳು ಹತ್ತನೆಯ ತರಗತಿ, ಕಿರಿಮಗ ಏಳನೆಯದು. ಮನೆಗೆಲ್ಲ ಒಂದೇ ಸ್ಮಾರ್ಟ್‌ಫೋನು, ಅದನ್ನು ಕಂತಿನಲ್ಲಿ ಕೊಂಡವನು ಹಿರಿಮಗ. ಕಾರ್ಖಾನೆ ತೆರೆದ ಮೇಲೆ ಫೋನು ಬೆಳಿಗ್ಗೆ ಎಂಟಕ್ಕೆ ಅವನ ಜೇಬಿನಲ್ಲಿ ಉದ್ಯಮಬಾಗಕ್ಕೆ ಹೋಗುತ್ತಿತ್ತು, ರಾತ್ರಿ ಮನೆಗೆ ಬರುತ್ತಿತ್ತು. ಪಾಠದ ಲಿಂಕು ಬರುವುದು ಬೆಳಿಗ್ಗೆ ಹತ್ತಕ್ಕೆ. ರಾತ್ರಿ ಊಟವಾದ ಮೇಲೆ ಮೊದಲು ತಮ್ಮ ನೋಡುತ್ತಿದ್ದ, ಪಾತ್ರೆ ತೊಳೆದಾದ ಮೇಲೆ ಅಕ್ಕನ ಸರದಿ. ಅಷ್ಟು ಹೊತ್ತಿಗೆ ಆ ದಿನದ ಡೇಟಾ ಮುಗಿದಿರುತ್ತಿತ್ತು.

ಇನ್ನೊಂದು ಸಂಗತಿ ಆ ಮನೆಯಲ್ಲೇ ನನಗೆ ಅರ್ಥವಾದದ್ದು. ಲಾಕ್‌ಡೌನಿನಲ್ಲಿ ಮಗ್ಗ ನಿಂತಾಗ ಪಾಠ ಕೇಳುವಷ್ಟು ನಿಶ್ಶಬ್ದವಿತ್ತು, ರೀಚಾರ್ಜಿಗೆ ದುಡ್ಡಿರಲಿಲ್ಲ. ಮಗ್ಗ ಮತ್ತೆ ಶುರುವಾದಾಗ ನಾಲ್ಕು ಕಾಸು ಬಂತು, ಪಾಠ ಕಿವಿಗೆ ಬೀಳದಾಯಿತು. "ಸರ್, ಮಗ್ಗ ನಿಂದ್ರಸ್ರಿ ಅಂತ ಅಪ್ಪಗ ಹೆಂಗ ಹೇಳ್ಲಿ?" ಎಂದು ಆ ಹುಡುಗಿ ಕೇಳಿದಳು. ನೇಕಾರರ ಬಾಕಿ, ನೂಲಿನ ಬೆಲೆ, ಸಾಲ ಇವೆಲ್ಲ ನಿಮಗೆ ಗೊತ್ತಿರುವುದೇ. 2021ರ ಜೂನ್‌ನಲ್ಲಿ ಸರ್ಕಾರ ಪವರ್‌ಲೂಮ್ ಕಾರ್ಮಿಕರಿಗೆ ತಲಾ 3,000 ರೂಪಾಯಿ ನೆರವು ಘೋಷಿಸಿತು. ಆಗ ಒಂದು ಸಾಧಾರಣ ಸ್ಮಾರ್ಟ್‌ಫೋನಿನ ಅರ್ಧ ಬೆಲೆಯೂ ಅದಾಗುತ್ತಿರಲಿಲ್ಲ. ಆ ದುಡ್ಡು ಬಂದ ಮನೆಗಳಲ್ಲಿ ಅದು ಹೋದದ್ದು ಕಿರಾಣಿ ಅಂಗಡಿಯ ಬಾಕಿಗೆ.

ನಗರದ ಮಗುವಿಗೆ ಇಷ್ಟು ಕಷ್ಟವಾದರೆ ಖಾನಾಪುರದ ಮಗುವಿನ ಪಾಡೇನು? ಗೋವಾವೇಸಿನಿಂದ ಖಾನಾಪುರದ ಬಸ್ ಹತ್ತಿ ಕೂತರೆ ಹತ್ತು ಕಿಲೊಮೀಟರ್ ಹೋಗುವುದರೊಳಗೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸಿಗುತ್ತದೆ. 1998ರಲ್ಲಿ ಸ್ಥಾಪನೆಯಾದ, ರಾಜ್ಯದ ಬಹುಪಾಲು ಎಂಜಿನಿಯರಿಂಗ್ ಕಾಲೇಜುಗಳು ಸಂಯೋಜನೆಗೊಂಡಿರುವ ವಿಶ್ವವಿದ್ಯಾಲಯ ಅದು. ಅದರ ಎದುರಿನ ರಸ್ತೆಯೇ ಮುಂದೆ ಖಾನಾಪುರ ದಾಟಿ ಕಾಡಿನ ಕಡೆಗೆ ಸಾಗುತ್ತದೆ. ಜಾಂಬೋಟಿ, ಕಣಕುಂಬಿ, ಹೆಮ್ಮಡಗಾ, ಲೋಂಡಾ. ಮಲಪ್ರಭೆ ಹುಟ್ಟುವುದು ಕಣಕುಂಬಿಯಲ್ಲಿ. 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಒಳಗೆ ಗವಾಳಿ, ಕೊಂಗಳಾ, ಪಾಸ್ತೋಳಿ, ಆಮಗಾಂವದಂಥ ಊರುಗಳಿವೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ, ಗಾಳಿಗೆ ಮರ ಬಿದ್ದರೆ ದಿನಗಟ್ಟಲೆ ಕರೆಂಟು ಇಲ್ಲ. ಕಾಯಿಲೆಯಾದವರನ್ನು ಜೋಲಿ ಕಟ್ಟಿ ಹೊತ್ತು ತರುವ ಊರುಗಳಿವು. ಇಂಥ ಕಡೆ ಮಕ್ಕಳು "ರೇಂಜ್" ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದರು. ಯಾವ ಬಂಡೆಯ ಮೇಲೆ ನಿಂತರೆ ಎರಡು ಕಡ್ಡಿ ಸಿಗ್ನಲ್ ಸಿಗುತ್ತದೆ ಎಂಬುದು ಊರಿನ ಎಲ್ಲ ಮಕ್ಕಳಿಗೂ ಗೊತ್ತಿತ್ತು. ಅದು ಕರಡಿ ಓಡಾಡುವ ಕಾಡು ಎಂಬುದೂ ಗೊತ್ತಿತ್ತು. ಅದಕ್ಕೆ ಹೆಣ್ಣುಮಕ್ಕಳನ್ನು ಕಳಿಸುತ್ತಿರಲಿಲ್ಲ.

ಸುಳ್ಯ ತಾಲ್ಲೂಕಿನಲ್ಲಿ ಮಳೆಯಲ್ಲೇ ರಸ್ತೆ ಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರ ಜೂನ್‌ನಲ್ಲಿ ದೇಶವೆಲ್ಲ ಓಡಾಡಿತು, ನಿಮಗೆ ನೆನಪಿರಬಹುದು. ಜನ ಆ ತಂದೆಯನ್ನು ಕೊಂಡಾಡಿದರು. ಕೊಂಡಾಡಬೇಕಾದ್ದೇ. ಆದರೆ ಹತ್ತನೆಯ ತರಗತಿಯ ಮಗು ರಸ್ತೆಗೆ ಬಂದು ಕೂರಬೇಕಾದದ್ದು ಯಾಕೆ ಎಂದು ಕೇಳಿದವರು ಕಡಿಮೆ. ಮರುವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರ ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ತಲುಪಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು ಬಿಎಸ್‌ಎನ್‌ಎಲ್‌ಗೆ ವಹಿಸಿತು. 2022ರಲ್ಲಿ ಅಷ್ಟು ಸಾವಿರ ಹಳ್ಳಿಗಳಿಗೆ ನೆಟ್‌ವರ್ಕ್ ಇರಲಿಲ್ಲ ಎಂಬುದನ್ನು ಸರ್ಕಾರವೇ ಒಪ್ಪಿಕೊಂಡ ದಾಖಲೆ ಅದು. ಅದಕ್ಕೂ ಎರಡು ವರ್ಷ ಮೊದಲೇ ನಾವು ಪಾಠವನ್ನು ನೆಟ್‌ವರ್ಕಿಗೆ ಹಾಕಿದ್ದೆವು.

ಹಾಗಂತ ಆಗ ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಹೇಳಿತ್ತು: ದೇಶದ ಹಳ್ಳಿಗಳಲ್ಲಿ ನೂರಕ್ಕೆ 4.4 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇದೆ, 14.9 ಮನೆಗಳಿಗೆ ಮಾತ್ರ ಇಂಟರ್‌ನೆಟ್ ಸಿಗುತ್ತದೆ. ಪಟ್ಟಣಗಳಲ್ಲಿ ಈ ಲೆಕ್ಕ 23.4 ಮತ್ತು 42. ಅಂಕಿ ಕೈಯಲ್ಲಿದ್ದೂ ನಾವು ಆನ್‌ಲೈನ್ ತರಗತಿ ಎಂದೆವು. 2021ರ ಆಗಸ್ಟ್‌ನಲ್ಲಿ ಅರ್ಥಶಾಸ್ತ್ರಜ್ಞ ಜಾನ್ ದ್ರೇಜ್ ಮತ್ತು ಸಂಗಡಿಗರು ಹದಿನೈದು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳ ಬಡ ಕೇರಿಗಳಲ್ಲಿ ಸುಮಾರು 1,400 ಮಕ್ಕಳನ್ನು ಮಾತಾಡಿಸಿದರು. ಹಳ್ಳಿಯ ಮಕ್ಕಳಲ್ಲಿ ನೂರಕ್ಕೆ ಎಂಟು ಮಂದಿ ಮಾತ್ರ ಆನ್‌ಲೈನಿನಲ್ಲಿ ನಿಯಮಿತವಾಗಿ ಓದುತ್ತಿದ್ದರು, ಮೂವತ್ತೇಳು ಮಂದಿ ಏನೂ ಓದುತ್ತಿರಲಿಲ್ಲ. ಕರ್ನಾಟಕವೂ ಆ ಹದಿನೈದರಲ್ಲಿ ಒಂದು. ನಮ್ಮಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. 2020ರ ಮಾರ್ಚ್‌ನಲ್ಲಿ ಒಂದನೆಯ ತರಗತಿಯಲ್ಲಿದ್ದ ಮಗು ಮತ್ತೆ ಶಾಲೆಗೆ ಬಂದಾಗ ಮೂರನೆಯ ತರಗತಿಯಲ್ಲಿತ್ತು. ಅಕ್ಷರ ಕೂಡಿಸಿ ಓದುವುದನ್ನು ಕಲಿಯಬೇಕಾದ ಹೊತ್ತು ಪೂರ್ತಿ ಹೋಗಿತ್ತು.

ಆ ದಿನಗಳಲ್ಲಿ ಕರ್ನಾಟಕ ಮಾಡಿದ ಒಂದು ಒಳ್ಳೆಯ ಕೆಲಸವನ್ನು ನೆನೆಯಬೇಕು. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಬಂತು. ಸ್ಮಾರ್ಟ್‌ಫೋನು ಇರುವ ಮಕ್ಕಳು, ಇಂಟರ್‌ನೆಟ್ ಇಲ್ಲದ ಸಾದಾ ಫೋನಿರುವವರು, ಏನೂ ಇಲ್ಲದವರು ಎಂದು ಮೂರು ಗುಂಪು ಮಾಡಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಬೇಕೆಂದರು. ಗುಡಿಯ ಕಟ್ಟೆ, ಮಾವಿನ ಮರದಡಿ, ಸಮುದಾಯ ಭವನ, ಮಸೀದಿಯ ಅಂಗಳ ಎಲ್ಲವೂ ತರಗತಿಗಳಾದವು. ಯಾರ ಹತ್ತಿರ ಏನಿದೆ ಎಂದು ಮೊದಲು ಎಣಿಸಿ ಆಮೇಲೆ ಪಾಠ ಯೋಚಿಸಿದ್ದು ನನಗೆ ಬಹಳ ದೊಡ್ಡ ಮಾತಾಗಿ ಕಂಡಿತು. ಶಿಕ್ಷಕರು ಸೋಂಕಿಗೆ ಬಲಿಯಾದರು, ಮಕ್ಕಳಿಗೂ ಹಬ್ಬಿತು, ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ಚಂದನ ವಾಹಿನಿಯಲ್ಲಿ 'ಸೇತುಬಂಧ', ಆಮೇಲೆ 'ಸಂವೇದ' ಪಾಠಗಳು ಬಂದವು. ಟಿವಿ ಅನೇಕ ಮನೆಗಳಲ್ಲಿ ಇದ್ದದ್ದರಿಂದ ಇದೂ ತಕ್ಕಮಟ್ಟಿಗೆ ಮುಟ್ಟಿತು. ಗಡಿಯಾಚೆ ಕೇರಳ 2020ರ ಜೂನ್ 1ಕ್ಕೇ ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಶುರು ಮಾಡಿ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡದಲ್ಲೇ ಪಾಠ ಸಿದ್ಧಪಡಿಸಿತು.

ಕಾಸರಗೋಡನ್ನು ಹೆಸರಿಸಿದ್ದಕ್ಕೆ ಕಾರಣವಿದೆ. ಕರ್ನಾಟಕ ಏಳು ಮಾಧ್ಯಮಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುವ ರಾಜ್ಯ. ಖಾನಾಪುರದ ಪಶ್ಚಿಮ ಭಾಗದಲ್ಲಿ ಮರಾಠಿ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಬೆಳಗಾವಿ ನಗರದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇವೆ. ಪುಸ್ತಕದ ಮಟ್ಟಿಗೆ ಈ ಮಕ್ಕಳಿಗೆ ನಾವು ಅನ್ಯಾಯ ಮಾಡಿಲ್ಲ. ಪರದೆಗೆ ಬಂದಾಗ ಮಾತ್ರ ಮೊದಲು ಇಂಗ್ಲಿಷ್, ಆಮೇಲೆ ಕನ್ನಡ, ಉಳಿದವು ಕಡೆಗೆ. ಗಡಿಯ ಜಗಳ ಏನೇ ಇರಲಿ, ಗವಳಿ ದೊಡ್ಡಿಯಿಂದ ಕಾಡುದಾರಿಯಲ್ಲಿ ನಡೆದು ಬರುವ ಮರಾಠಿ ಮಾತಿನ ಮಗು ಕರ್ನಾಟಕದ ಮಗು. ಕಾಸರಗೋಡಿನ ಕನ್ನಡ ಮಗುವಿಗೆ ಕೇರಳ ಏನು ಮಾಡಬೇಕೆಂದು ನಾವು ಬಯಸುತ್ತೇವೆಯೋ ಅದನ್ನು ಈ ಮಗುವಿಗೆ ನಾವು ಮಾಡಬೇಕು. ಈ ಮಾತನ್ನು ಶಹಾಪುರದಲ್ಲಿ ನಿಂತು ಹೇಳುವುದು ನನ್ನ ಕರ್ತವ್ಯವೆಂದು ತಿಳಿದಿದ್ದೇನೆ.

ಈಗ ನೀವು ಕೇಳಬಹುದು: ಕೊರೋನಾ ಹೋಯಿತು, ಶಾಲೆ ತೆರೆಯಿತು, ಈಗ ಎಲ್ಲರ ಮನೆಯಲ್ಲೂ ಫೋನಿದೆಯಲ್ಲ? ಇದೆ, ನಿಜ. 2023ರ ಅಸರ್ ಸಮೀಕ್ಷೆಯ ಪ್ರಕಾರ ಹಳ್ಳಿಯ ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನಿದೆ. ಆದರೆ ಮನೆಯಲ್ಲಿ ಇರುವುದು ಬೇರೆ, ಮಗುವಿನ ಕೈಗೆ ಸಿಗುವುದು ಬೇರೆ. ಅದೇ ಸಮೀಕ್ಷೆ ನೋಡಿ: ಫೋನು ಬಳಸಲು ಬರುವ ಗಂಡುಮಕ್ಕಳಲ್ಲಿ ನೂರಕ್ಕೆ 43.7 ಮಂದಿಗೆ ಸ್ವಂತ ಫೋನಿದೆ, ಹೆಣ್ಣುಮಕ್ಕಳಲ್ಲಿ 19.8 ಮಂದಿಗೆ. ಅರ್ಧಕ್ಕೂ ಕಡಿಮೆ. ಇದಕ್ಕೆ ಬಡತನವೊಂದೇ ಕಾರಣವಲ್ಲ. ಮಗನಿಗೆ ಫೋನು ಕೊಟ್ಟರೆ "ಕಲೀತಾನ" ಎನ್ನುವ ಮನೆಯೇ ಮಗಳಿಗೆ ಕೊಟ್ಟರೆ "ಕೆಡ್ತಾಳ" ಎನ್ನುತ್ತದೆ. ನಾನು ಪಾಲಕರ ಸಭೆಗಳಲ್ಲಿ ಈ ಎರಡೂ ಮಾತನ್ನು ಒಂದೇ ಬಾಯಿಂದ ಕೇಳಿದ್ದೇನೆ. ಅಂಥ ಮನೆಯ ಹುಡುಗಿ ಪ್ರಾಜೆಕ್ಟಿನ ಚಿತ್ರ ನೋಡಬೇಕಾದರೂ ಅಣ್ಣನ ಮರ್ಜಿ ಕಾಯಬೇಕು.

ಫೋನು ಬೇಕಾಗುವುದು ಪಾಠಕ್ಕಷ್ಟೇ ಅಲ್ಲ. ಈಗ ಬಡ ಮಗುವಿನ ಹಕ್ಕುಗಳೆಲ್ಲ ಪೋರ್ಟಲ್ ಒಳಗಿವೆ. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ, ಹಾಸ್ಟೆಲಿಗೆ ಇನ್ನೊಂದು, ಸಿಇಟಿಗೆ ಮತ್ತೊಂದು. ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆದಾಯದ್ದು ಬೇರೆ ಸಂಖ್ಯೆ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ, ಆಧಾರ್‌ಗೆ ಜೋಡಣೆಯಾದ ಮೊಬೈಲ್ ನಂಬರ್ ಎಲ್ಲವೂ ಬೇಕು. ಇವುಗಳಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ಮುಂದೆ ಹೋಗದು. ಸರ್ಕಾರದ ಸೌಲಭ್ಯ ಯಾರಿಗಾಗಿ ಇದೆಯೋ ಅವರಿಗೇ ಈ ಬಾಗಿಲು ದಾಟುವುದು ಕಷ್ಟ.

ಖಾನಾಪುರದ ಬಸ್ ನಿಲ್ದಾಣದ ಹತ್ತಿರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ನಾನು ಕಂಡದ್ದು ಇದು. ಬೀಡಿ ಎಂಬ ಊರಿನ ಕಡೆಯ ಪಿಯುಸಿ ಹುಡುಗಿ, ಕೈಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಎಲ್ಲ ಕಾಗದ. ಅರ್ಜಿಯ ಕೊನೆಯ ಪುಟಕ್ಕೆ ಬಂದಾಗ ಓಟಿಪಿ ಬೇಕು. ಆಧಾರ್‌ಗೆ ಜೋಡಿಸಿದ್ದು ಅಪ್ಪನ ನಂಬರ್. ಅಪ್ಪ ಗೋವಾದ ಹೋಟೆಲೊಂದರ ಅಡುಗೆಮನೆಯಲ್ಲಿ. ಹುಡುಗಿ ಅಂಗಡಿಯವರ ಫೋನಿನಿಂದ ಅಪ್ಪನಿಗೆ ಕರೆ ಮಾಡಿದಳು: "ಅಪ್ಪಾ, ನಂಬರ್ ಬಂದೈತೇನು ನೋಡು, ಲಗೂನ ಹೇಳು." ಆತ ಇಂಗ್ಲಿಷ್ ಅಕ್ಷರ ಓದಲಾರ, ಪಕ್ಕದವರನ್ನು ಕರೆದು ತೋರಿಸುವಷ್ಟರಲ್ಲಿ ಸಮಯ ಮುಗಿಯಿತು. ಮತ್ತೆ ಕಳಿಸಿದರು, ಅಷ್ಟರಲ್ಲಿ ಸರ್ವರ್ ನಿಂತಿತು. "ನಾಳೆ ಬಾರವ್ವಾ" ಎಂದರು ಅಂಗಡಿಯವರು. ಅವರು ಒಳ್ಳೆಯವರೇ, ಅವರ ಹಿಂದೆ ಸಾಲು ನಿಂತಿತ್ತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆಕೆಗೆ ಬಸ್ ಪುಕ್ಕಟೆ. ಆದರೆ ಅಂಗಡಿಯವರಿಗೆ ಕೊಡುವ ದುಡ್ಡು, ಒಂದು ದಿನದ ಪಾಠ, ಹೊಟೇಲಿನಲ್ಲಿ ಅಪ್ಪ ಕೇಳಿಸಿಕೊಂಡ ಬೈಗುಳ ಇವುಗಳಿಗೆ ಯಾವ ಯೋಜನೆಯೂ ಇಲ್ಲ.

ಪರೀಕ್ಷೆಯ ಮಾತಿಗೆ ಬರುತ್ತೇನೆ. 2024ರಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ತಂದರು. ಹಿಂದಿನ ವರ್ಷ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಇಳಿಯಿತು. ನಕಲು ತಡೆಯುವುದನ್ನು ನಾನು ಪೂರ್ತಿ ಒಪ್ಪುತ್ತೇನೆ, ನಕಲಿನಿಂದ ಮೊದಲು ಹಾಳಾಗುವುದು ಬಡ ಮಗುವಿನ ಅಂಕಪಟ್ಟಿಯ ಬೆಲೆಯೇ. ಆದರೆ ನನಗೊಂದು ಪ್ರಶ್ನೆಯಿದೆ. ಮಗುವನ್ನು ಕಾಯಲು ಕೇಂದ್ರದಿಂದ ಕೇಂದ್ರಕ್ಕೆ ತಂತಿ ಎಳೆಯುವುದು ಸಾಧ್ಯವಾಯಿತು, ಕೋಣೆ ಕೋಣೆಗೆ ಕ್ಯಾಮೆರಾ ಸಾಧ್ಯವಾಯಿತು. ಅದೇ ಮಗುವಿಗೆ ವರ್ಷವಿಡೀ ಕಲಿಸಲು ಅದೇ ತಂತಿ ಯಾಕೆ ಬರಲಿಲ್ಲ? ಹಾಜರಿ ಎಣಿಸುವುದಕ್ಕೆ, ಗುರುತು ಹಿಡಿಯುವುದಕ್ಕೆ, ಅರ್ಜಿ ತಡೆಯುವುದಕ್ಕೆ ತಂತ್ರಜ್ಞಾನ ಬಡವರ ಬಾಗಿಲಿಗೆ ಬೇಗ ಬರುತ್ತದೆ. ಕಲಿಸುವುದಕ್ಕೆ ತಡವಾಗಿ ಬರುತ್ತದೆ. ಈ ಕ್ರಮ ತಿರುಗಬೇಕು.

ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. 2001ರಲ್ಲಿ ಮಾಹಿತಿ ಸಿಂಧು ಬಂತು, ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳಿಗೆ ಆಕಾಶದಿಂದ ಪಾಠ ಇಳಿಯಿತು. 2010ಕ್ಕೆ ಉಪಗ್ರಹದ ಆಯುಷ್ಯ ಮುಗಿಯಿತು. ಆಮೇಲೆ ಐಸಿಟಿ ಹೆಸರಿನಲ್ಲಿ ಹಂತ ಹಂತವಾಗಿ ಕಂಪ್ಯೂಟರ್‌ಗಳು ಬಂದವು. 2017ರಲ್ಲಿ ದೀಕ್ಷಾ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಕೋಡ್ ಕೂತಿತು. 2021ರ ಜೂನ್‌ನಲ್ಲಿ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಕೊಡುವ ಕಾರ್ಯಕ್ರಮವಾಯಿತು. ಇವೆಲ್ಲ ಒಳ್ಳೆಯ ಮನಸ್ಸಿನಿಂದ ಆದವೇ. ಎಡವಿದ್ದು ಒಂದೇ ಕಡೆ. ಯಂತ್ರ ಕೊಳ್ಳಲು ದುಡ್ಡಿಟ್ಟರು, ಅದನ್ನು ನಡೆಸುವ ಮನುಷ್ಯನಿಗೆ ಇಡಲಿಲ್ಲ. ಗುತ್ತಿಗೆ ಮುಗಿದೊಡನೆ ಕಂಪ್ಯೂಟರ್ ಕಲಿಸುವವರು ಹೋದರು. ಬ್ಯಾಟರಿ ಸತ್ತಿತು, ಇಲಿ ವೈರು ಕಡಿಯಿತು, ಕೋಣೆಗೆ ಬೀಗ ಬಿತ್ತು. ಕಳುವಾದರೆ ತಮ್ಮ ತಲೆಗೆ ಬಂದೀತೆಂದು ಮುಖ್ಯಶಿಕ್ಷಕರು ಬೀಗ ತೆಗೆಯಲಿಲ್ಲ. ಅವರನ್ನು ದೂರಲಾರೆ, ಸ್ಟಾಕ್ ರಿಜಿಸ್ಟರಿನ ಭಯ ನನಗೂ ಗೊತ್ತು.

ಇದು ನಮ್ಮ ದೇಶದ ಪಾಡು ಮಾತ್ರವಲ್ಲ. ದಕ್ಷಿಣ ಅಮೆರಿಕದ ಪೆರು ಎಂಬ ದೇಶ ಮಕ್ಕಳಿಗೆಂದು ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಕೊಂಡಿತು. 2012ರಲ್ಲಿ ಒಂದು ಅಭಿವೃದ್ಧಿ ಬ್ಯಾಂಕಿನ ಸಂಶೋಧಕರು ಹಳ್ಳಿಶಾಲೆಗಳಲ್ಲಿ ಅಳೆದು ನೋಡಿದಾಗ ಗಣಿತ, ಭಾಷೆ ಎರಡರಲ್ಲೂ ಅಂಕ ಏರಿರಲಿಲ್ಲ. ಶಿಕ್ಷಕರನ್ನು ಸಿದ್ಧಪಡಿಸದೆ ಯಂತ್ರ ಹಂಚಿದರೆ ಹೀಗಾಗುತ್ತದೆ. ಖಾನಾಪುರದ ಏಕೋಪಾಧ್ಯಾಯ ಶಾಲೆಗೆ ಟ್ಯಾಬ್ಲೆಟ್ ಕಳಿಸುವ ಮುನ್ನ ಎರಡನೆಯ ಶಿಕ್ಷಕರನ್ನು ಕಳಿಸಿ ಎಂದು ನಾನು ಹೇಳುವುದು ಇದಕ್ಕೇ.

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದು ಏನು ಮಾಡಬಲ್ಲದೆಂದು ಕಣ್ಣಾರೆ ನೋಡಿದ್ದೇನೆ. ಖಾನಾಪುರದ ಶಾಲೆಯಲ್ಲಿ ಒಮ್ಮೆ ಹಳೆಯ ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿ ಗೋಡೆಯ ಮೇಲೆ ಉಪಗ್ರಹದ ನಕ್ಷೆ ಬಿಟ್ಟೆ. ಸವದತ್ತಿಯ ಅಣೆಕಟ್ಟಿನಿಂದ ಮಲಪ್ರಭೆಯನ್ನು ಹಿಡಿದು ಮೇಲೆ ಮೇಲೆ ಹೋದೆವು. ನದಿ ಸಣ್ಣದಾಗುತ್ತ, ಹಸಿರು ಹೆಚ್ಚುತ್ತ ಕಣಕುಂಬಿಗೆ ಬಂತು. ನಡುವೆ ಒಂದು ಹುಡುಗಿ ಎದ್ದು ನಿಂತು "ಸರ್, ಸರ್, ಅಲ್ಲೇ ನಿಲ್ಸ್ರಿ, ನಮ್ಮ ಮನಿ ಹಂಚು!" ಎಂದಳು. ಖಾನಾಪುರದ ಕೆಂಪು ಹಂಚು, ಕಾಡಿನ ನಡುವೆ ಎದ್ದು ಕಾಣುತ್ತಿತ್ತು. ಆ ಮೇಲೆ ನದಿಯ ಉಗಮ, ಮಳೆಯ ನೆರಳು, ಘಟ್ಟದ ಇಳಿಜಾರು ಯಾವುದನ್ನೂ ನಾನು ಬಾಯಿಪಾಠ ಮಾಡಿಸಬೇಕಾಗಲಿಲ್ಲ. ನಲವತ್ತು ಮಕ್ಕಳು, ಒಂದು ಪರದೆ, ಪಕ್ಕದಲ್ಲಿ ಪ್ರಶ್ನೆ ಕೇಳಲು ಒಬ್ಬ ಶಿಕ್ಷಕ. ಯಾರ ಮನೆಯಲ್ಲಿ ಫೋನಿದೆ, ಯಾರಲ್ಲಿಲ್ಲ ಎಂಬ ಮಾತೇ ಅಲ್ಲಿ ಬರಲಿಲ್ಲ.

ಕಾನೂನೂ ಈ ಕಡೆಗೇ ಬೆರಳು ತೋರಿಸುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ದುರ್ಬಲ ವರ್ಗದ, ಅವಕಾಶವಂಚಿತ ಗುಂಪಿನ ಮಕ್ಕಳಿಗೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸೀಟು ಕೊಟ್ಟಿತು. ಆ ಮಕ್ಕಳು ಒಂದೇ ಬೆಂಚಿನಲ್ಲಿ ಕೂತರು. ತರಗತಿ ಆನ್‌ಲೈನಿಗೆ ಹೋದ ದಿನ ಬೆಂಚು ಮಾಯವಾಯಿತು. 2020ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇಂಥ ಮಕ್ಕಳಿಗೆ ಶಾಲೆಗಳೇ ಸಾಧನ, ಇಂಟರ್‌ನೆಟ್ ಒದಗಿಸಬೇಕೆಂದು ಹೇಳಿತು. ಆ ಆದೇಶಕ್ಕೆ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. ಆದರೆ 2021ರ ಅಕ್ಟೋಬರ್ 8ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಪೀಠ ಈ ಡಿಜಿಟಲ್ ಕಂದಕ ಮಕ್ಕಳ ಹಕ್ಕನ್ನೇ ಕಸಿಯುತ್ತಿದೆ ಎಂಬುದನ್ನು ಗುರುತಿಸಿ, ಸರ್ಕಾರಗಳು ಕೂತು ಯೋಜನೆ ಮಾಡಬೇಕೆಂದಿತು. ಶಾಲೆಯಲ್ಲಿ ಬೆಂಚು, ಕಪ್ಪುಹಲಗೆ, ಶೌಚಾಲಯ ಇರಬೇಕೆಂದು ಹೇಗೆ ಕೇಳುತ್ತೇವೆಯೋ ಹಾಗೆಯೇ ಬಳಸಲು ಬರುವ ಕಂಪ್ಯೂಟರ್, ಅದಕ್ಕೆ ಇಂಟರ್‌ನೆಟ್, ಅದನ್ನು ಕಲಿಸುವವರು ಇರಬೇಕೆಂದು ಕೇಳುವುದು ಈಗ ಹಕ್ಕಿನ ಮಾತು, ದಯೆಯ ಮಾತಲ್ಲ.

ದಾರಿ ಎಲ್ಲಿದೆ ಎಂದರೆ ಅರ್ಧ ದಾರಿ ಆಗಲೇ ನಮ್ಮಲ್ಲಿದೆ. ಕರ್ನಾಟಕದ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿಗಳಲ್ಲಿ ಗ್ರಂಥಾಲಯಗಳಿವೆ. ಗ್ರಾಮೀಣಾಭಿವೃದ್ಧಿ ಇಲಾಖೆ ಅವುಗಳನ್ನು ಅರಿವು ಕೇಂದ್ರಗಳಾಗಿ ಬೆಳೆಸಿದೆ. 2020ರ ನವೆಂಬರ್‌ನಲ್ಲಿ 'ಓದುವ ಬೆಳಕು' ಎಂದು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಾಗ ರಾಜ್ಯದುದ್ದಕ್ಕೂ ಮಕ್ಕಳು ಬಂದು ಸೇರಿದರು. ಅನೇಕ ಕೇಂದ್ರಗಳಲ್ಲಿ ಕಂಪ್ಯೂಟರ್ ಕೂತಿವೆ. ಇದು ಸರಿಯಾದ ಜಾಗ. ಊರಿನ ನಡುವೆ ಇದೆ, ಮೇಲ್ವಿಚಾರಕರಿದ್ದಾರೆ, ಹೆಣ್ಣುಮಗಳು ಹಗಲಲ್ಲಿ ಬಂದು ಕೂರಬಹುದು, ಅಣ್ಣನನ್ನು ಕೇಳಬೇಕಿಲ್ಲ. ಈ ಮೇಲ್ವಿಚಾರಕರಿಗೆ ತಕ್ಕ ಸಂಬಳ, ತರಬೇತಿ, ತಿಂಗಳ ಇಂಟರ್‌ನೆಟ್ ಬಿಲ್ಲಿಗೆ ನಿಗದಿತ ಹಣ, ಕರೆಂಟು ಹೋದರೆ ಸೌರಫಲಕ ಇಷ್ಟು ಕೊಟ್ಟರೆ ಖಾನಾಪುರದ ಮಗುವಿಗೆ ಬಂಡೆ ಹತ್ತುವ ಕೆಲಸ ತಪ್ಪುತ್ತದೆ. ನಗರದಲ್ಲಿ ಶಾಲೆಗಳ ಕಂಪ್ಯೂಟರ್ ಕೋಣೆ ಸಂಜೆ ಎರಡು ಗಂಟೆ ತೆರೆದಿರಲಿ, ಮಗ್ಗದ ಸದ್ದಿಲ್ಲದ ಜಾಗವೊಂದು ನೇಕಾರರ ಮಕ್ಕಳಿಗೆ ಸಿಗಲಿ. ವಿದ್ಯಾರ್ಥಿವೇತನದ ಅರ್ಜಿಯನ್ನು ಕಾಲೇಜೇ ತನ್ನ ಆವರಣದಲ್ಲಿ, ಪಾಲಕರನ್ನು ಕರೆಸಿ, ಒಂದು ವಾರ ಕೂತು ತುಂಬಿಸಲಿ. ಮಚ್ಛೆಯ ತಾಂತ್ರಿಕ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಅದರ ವಿದ್ಯಾರ್ಥಿಗಳೇ ಖಾನಾಪುರ ರಸ್ತೆಯುದ್ದಕ್ಕೂ ಇರುವ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳಬಲ್ಲರು. ಕೆಟ್ಟ ಯಂತ್ರ ದುರಸ್ತಿ ಮಾಡುವುದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಯಾವುದಿದೆ?

ಚಳಿಗಾಲದ ಅಧಿವೇಶನಕ್ಕೆ ಶಾಸಕರು, ಮಂತ್ರಿಗಳು ಸುವರ್ಣಸೌಧಕ್ಕೆ ಬರುತ್ತಾರೆ. ಅವರಲ್ಲಿ ನನ್ನ ಮನವಿ: ಒಂದು ದಿನ ಬಿಡುವು ಮಾಡಿಕೊಂಡು ಜಾಂಬೋಟಿಯ ಕಡೆ ಹೋಗಿ, ದಾರಿಯಲ್ಲಿ ಸಿಗುವ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ತೆಗೆಸಿ ನೋಡಿ.

ಶಹಾಪುರದ ನಿಮ್ಮಲ್ಲಿ ನನ್ನ ಬೇಡಿಕೆ ಇನ್ನೂ ಸಣ್ಣದು. ದತ್ತಿ ಇಡುವ ಮನೆತನಗಳು ಇಲ್ಲಿವೆ, ಇಟ್ಟ ಹಣದ ಬಡ್ಡಿಯನ್ನು ವರ್ಷಕ್ಕೊಂದು ಉಪನ್ಯಾಸಕ್ಕೆ ಕೊಡುತ್ತೀರಿ, ಅದು ನಡೆಯಲಿ. ಮುಂದಿನ ದತ್ತಿ ಇಡುವವರು ಅದನ್ನು ಒಬ್ಬ ಮನುಷ್ಯನ ಸಂಬಳಕ್ಕೆ ಇಡಿ. ವಡಗಾವಿಯ ಒಂದು ಸರ್ಕಾರಿ ಶಾಲೆಯಲ್ಲಿ ಸಂಜೆ ಐದರಿಂದ ಏಳರವರೆಗೆ ಕಂಪ್ಯೂಟರ್ ಕೋಣೆ ತೆರೆದು, ಮಕ್ಕಳ ಜೊತೆ ಕೂತು, ಓದಿಸಿ, ಅರ್ಜಿ ತುಂಬಿಸುವ ಒಬ್ಬರು ಸಾಕು. ಶಾಲೆಯ ಒಪ್ಪಿಗೆ ಪಡೆಯುವ ಓಡಾಟ ನಾನು ಮಾಡುತ್ತೇನೆ. ಇಷ್ಟವಿದ್ದವರು ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹತ್ತಿರ ಬಂದು ಹೆಸರು ಬರೆಸಿ.